ಕಿಟಕಿ ಕೆಳಗಿನ ಮೂರಡಿ: ಸಿಮೆಂಟಿಗೋ, ಚಿಗುರೆಲೆಗೋ?

ಸಂಜೆ ಸಿಟಿ ಬಸ್ಸಿನಲ್ಲಿ ವಿದ್ಯಾರಣ್ಯಪುರಂ ಕಡೆಗೆ ಬರುವವರು ಇವತ್ತು ಒಂದು ಕೆಲಸ ಮಾಡಿ. ಸ್ಟಾಪಿನಲ್ಲಿ ಇಳಿದು ಮನೆಯ ಗೇಟು ಮುಟ್ಟುವಷ್ಟರಲ್ಲಿ ಎಷ್ಟು ಕಾಂಪೌಂಡಿನೊಳಗೆ ಮಣ್ಣು ಕಾಣಿಸಿತು, ಲೆಕ್ಕ ಹಾಕಿ. ಮನೆ ಎಣಿಸಬೇಡಿ, ಕಾರು ಎಣಿಸಬೇಡಿ. ಬರೀ ಮಣ್ಣು. ನಮ್ಮ ಬೀದಿಯಲ್ಲಿ ನಾವು ಎಣಿಸಿ ನೋಡಿದೆವು. ಒಂದು ಕೈ ಬೆರಳು ಸಾಕಾಯಿತು. ಅದರಲ್ಲೂ ಹೆಬ್ಬೆರಳು ಮಿಕ್ಕಿತು.

ಉಳಿದ ಕಡೆಯೆಲ್ಲ ಸಿಮೆಂಟು, ಇಲ್ಲದಿದ್ದರೆ ಟೈಲ್ಸು. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಬಿಸಿಲೇ ಬೀಳಲ್ಲ ಸಾರ್. ಏನು ನೆಟ್ರೂ ಬರಲ್ಲ. ಮಳೆ ಬಂದ್ರೆ ಕೆಸರು. ಅದಕ್ಕೇ ಸಿಮೆಂಟ್ ಹಾಕಿಸಿಬಿಟ್ವಿ."

ಮಾತು ಸುಳ್ಳಲ್ಲ. ಇಲ್ಲಿರುವುದು 30-40ರ ಸೈಟು, 20-30ರ ಸೈಟು. ಮೊದಲು ಒಂದಂತಸ್ತಿನ ತಾರಸಿ ಮನೆ ಇದ್ದ ಕಡೆ ಈಗ ಎರಡು, ಮೂರು ಅಂತಸ್ತು ಎದ್ದಿವೆ. ಪಕ್ಕದ ಮನೆಯ ಗೋಡೆಗೂ ನಮ್ಮ ಕಿಟಕಿಗೂ ನಡುವೆ ಮೂರಡಿ ಸಂದಿ. ಬೆಳಿಗ್ಗೆ ಸ್ವಲ್ಪ ಹೊತ್ತು ಸೂರ್ಯ ಇಣುಕಿದರೆ ಅದೇ ಪುಣ್ಯ. ಅಂಥ ಜಾಗಕ್ಕೆ ಗುಲಾಬಿ ತಂದು ನೆಟ್ಟರೆ ಕಡ್ಡಿ ಉಳಿಯುತ್ತದೆ. ಮಲ್ಲಿಗೆ ನೆಟ್ಟರೆ ಎಲೆ ಬರುತ್ತದೆ, ಮೊಗ್ಗು ಬರುವುದಿಲ್ಲ. ಎರಡು ಸಲ ಹೀಗಾದರೆ ಮೂರನೇ ಸಲ ಮನೆಯವರು ಗಾರೆಯವನಿಗೆ ಹೇಳಿಕಳಿಸುತ್ತಾರೆ.

ಆದರೆ ತಪ್ಪು ಜಾಗದ್ದಲ್ಲ ಸ್ವಾಮಿ. ಬಿಸಿಲಿನ ಗಿಡ ತಂದು ನೆರಳಿಗೆ ನೆಟ್ಟವರದ್ದು. ನೆರಳೇ ಬೇಕು, ಬಿಸಿಲು ಬಿದ್ದರೆ ಬಾಡಿಹೋಗುತ್ತೇನೆ ಅನ್ನುವ ಗಿಡಗಳಿವೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಉಳಿಯುವಂಥವು. ಅಂಥ ಒಂದು ಬಳ್ಳಿಯಿಂದಲೇ ನಮ್ಮ ವಿದ್ಯಾರಣ್ಯಪುರಂ ಸುತ್ತಮುತ್ತಲಿನ ನೆಲಕ್ಕೆ ಒಂದು ಕಾಲದಲ್ಲಿ ಹೆಸರು ಬಂದಿತ್ತು. ಅದು ಮೈಸೂರು ಚಿಗುರೆಲೆ.

ನೆರಳನ್ನೇ ಬೆಳೆಸುತ್ತಿದ್ದ ಕಾಲ

ಮೈಸೂರು ವೀಳ್ಯದೆಲೆ ಮೊದಲು ಮಹಾರಾಜರ ತೋಟಗಳಲ್ಲಿ ಬೆಳೆದು, ಆಮೇಲೆ ಊರ ಸುತ್ತ ಹಬ್ಬಿತು ಅನ್ನುತ್ತಾರೆ. ಹಳೇ ಅಗ್ರಹಾರದ ಕಡೆಯಿಂದ ವಿದ್ಯಾರಣ್ಯಪುರಂ ಕೂಡುರಸ್ತೆಯವರೆಗೆ, ನಂಜನಗೂಡು ರಸ್ತೆಗೆ ತಾಗಿದ ಹಾಗೆ ಸುಮಾರು 100 ಎಕರೆ ಎಲೆತೋಟವಿತ್ತು. ಮುಂದೆ ಅದು ಮೈಸೂರಿನ ಸುತ್ತ 500 ಎಕರೆವರೆಗೆ ಬೆಳೆಯಿತು. ಇವತ್ತು ನಾವು ಸ್ಕೂಟರ್ ನಿಲ್ಲಿಸುವ, ಬಟ್ಟೆ ಒಣಗಿಸುವ, ಸಿಲಿಂಡರ್ ಇಡುವ ಜಾಗದ ಆಸುಪಾಸಿನಲ್ಲೇ ಬಳ್ಳಿ ಹಬ್ಬಿತ್ತು.

ಎಲೆತೋಟ ಅಂದರೆ ಏನು? ನೆರಳು ಮಾಡಿಕೊಡುವ ಕಾರ್ಖಾನೆ. ಮೊದಲು ಅಗಸೆ, ನುಗ್ಗೆ, ಹಾಲಿವಾಣದಂಥ ಬೇಗ ಏಳುವ ಮರಗಳನ್ನು ಸಾಲಾಗಿ ಹಾಕಬೇಕು. ಮರ ಎದ್ದು ನೆರಳು ಕೊಟ್ಟ ಮೇಲೆ ಅದರ ಬುಡಕ್ಕೆ ಬಳ್ಳಿಯ ತುಂಡು ನೆಡಬೇಕು. ಸಾಲುಗಳ ನಡುವೆ ಕಾಲುವೆಯಲ್ಲಿ ನೀರು ಹರಿಯುತ್ತಿರಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರವನ್ನು ಹಿಡಿದು ಮೇಲೇರುತ್ತದೆ. ಬಿಸಿಲು ನೇರವಾಗಿ ಬಿದ್ದರೆ ಎಲೆ ಹಳದಿಯಾಗಿ ಒರಟಾಗುತ್ತದೆ. ನೆರಳಿದ್ದರೆ ನುಣುಪಾಗಿ, ಹೃದಯದಾಕಾರಕ್ಕೆ ಅಗಲವಾಗುತ್ತದೆ. ಮೈಸೂರು ಎಲೆಗೆ ಆ ನುಣುಪು, ಆ ಖಾರ ಬರುವುದಕ್ಕೆ ಇಲ್ಲಿಯ ಕಪ್ಪು ಜೇಡಿಮಣ್ಣೂ ಕಾರಣ ಅನ್ನುತ್ತಾರೆ.

ಎಲೆತೋಟದೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಅನ್ನುವ ಕಟ್ಟಳೆ ಅನೇಕ ಕಡೆ ಉಂಟು. ಲಕ್ಷ್ಮಿ ಇರುವ ಜಾಗ ಅನ್ನುತ್ತಾರೆ. ಅದರಲ್ಲಿ ಇನ್ನೊಂದು ವಿವೇಕವೂ ಇರಬಹುದು. ವೀಳ್ಯದೆಲೆಯ ದೊಡ್ಡ ಶತ್ರು ಬುಡಕೊಳೆ ರೋಗ. ಅದು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಹರಡುತ್ತದೆ. ಒಂದು ತೋಟದ ಕೆಸರು ಕಾಲಿಗೆ ಮೆತ್ತಿಕೊಂಡು ಇನ್ನೊಂದು ತೋಟಕ್ಕೆ ಹೋದರೆ ರೋಗವೂ ಜೊತೆಗೆ ಹೋಗುತ್ತದೆ. ಹಿರಿಯರಿಗೆ ಸೂಕ್ಷ್ಮದರ್ಶಕ ಇರಲಿಲ್ಲ, ಕಣ್ಣಿತ್ತು.

2005-06ರಲ್ಲಿ ಮೈಸೂರು ವೀಳ್ಯದೆಲೆಗೆ ಜಿಐ, ಅಂದರೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೂ ಅದೇ ಸುಮಾರಿಗೆ ಸಿಕ್ಕಿತು. ಕಾಗದದ ಮೇಲೆ ಎಲೆ ಗಟ್ಟಿಯಾಯಿತು. ನೆಲದ ಮೇಲೆ ಅಷ್ಟರಲ್ಲಿ ಸೈಟುಗಳಾಗಿದ್ದವು. ಎಲೆತೋಟ ಅನ್ನುವ ಹೆಸರು ಹಿರಿಯರ ಬಾಯಲ್ಲಿ ಉಳಿದಿದೆ, ಅಷ್ಟೆ.

ಅಂಗಡಿ ಮುಂದಿನ ಮಾತು

ಮೊನ್ನೆ ಬೀಡಾ ಅಂಗಡಿಯಲ್ಲಿ ನಿಂತು ಕೇಳಿದೆವು: "ಚಿಗುರೆಲೆ ಇದೆಯೇನಪ್ಪಾ?"

"ಇವತ್ತು ಇದೆ ಸಾರ್. ನಾಳೆ ಗ್ಯಾರಂಟಿ ಇಲ್ಲ."

"ಎಲ್ಲಿಂದ ಬರುತ್ತೆ?"

"ಮಾರ್ಕೆಟ್ಟಿಂದ ತರ್ತೀನಿ. ಮೊದಲೆಲ್ಲಾ ಇಲ್ಲೇ ಬೆಳೀತಿದ್ರಂತೆ, ನಮ್ ತಾತ ಹೇಳೋರು. ಈಗ ಸ್ವೀಟ್ ಬೀಡಾ ಕೇಳೋರಿಗೆ ಕಲ್ಕತ್ತಾ ಎಲೆ. ಚಿಗುರೆಲೆ ಕೇಳೋರು ವಯಸ್ಸಾದೋರು, ಪೂಜೆಗೆ ಒಯ್ಯೋರು."

ಪೂಜೆಗೆ ಒಯ್ಯುವವರು ಅಂದಾಗ ನಮಗೇ ಚುರುಕ್ ಅಂದಿತು. ನಮ್ಮ ಮನೆಯಲ್ಲೂ ಬಚ್ಚಲು ಮನೆಯ ಹಿಂದೆ, ನೆರಳಿನಲ್ಲಿ ಅಮ್ಮ ನೆಟ್ಟಿದ್ದ ವೀಳ್ಯದೆಲೆ ಬಳ್ಳಿ ಇತ್ತು. ಗೌರಿ ಹಬ್ಬಕ್ಕೆ, ವರಮಹಾಲಕ್ಷ್ಮಿ ಕಳಶಕ್ಕೆ ಅಲ್ಲಿಂದಲೇ ಎಲೆ. ಅಕ್ಕಪಕ್ಕದ ಮನೆಗಳಿಗೂ ಅಲ್ಲಿಂದಲೇ. ಮನೆ ರಿಪೇರಿ ಮಾಡಿಸುವಾಗ ಸಿಮೆಂಟು ಹಾಕಿಸಿದವರು ನಾವೇ. ಅಮ್ಮ ಏನೂ ಅನ್ನಲಿಲ್ಲ. "ಒಂದು ಗೇಣು ಬಿಡೋಕ್ಕಾಗಲ್ವೇನೋ" ಅಂತ ಒಂದು ಸಲ ಕೇಳಿದರು. ಬಿಡಲಿಲ್ಲ. ಆಮೇಲೆ ಪ್ರತಿ ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ನಿಂತು ಒಂದು ಕಟ್ಟು ಎಲೆಗೆ ಚೌಕಾಸಿ ಮಾಡುವಾಗಲೆಲ್ಲ ಆ ಒಂದು ಗೇಣು ನೆನಪಾಗುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಎಲೆ ಬೇರೆ, ಎಲೆಯೊಳಗೆ ಇಡುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹೊಗೆಸೊಪ್ಪಿನ ವಿಷಯ ಹೇಳುವುದೇ ಬೇಡ. ನಾವು ಹೇಳುತ್ತಿರುವುದು ಎಲೆಯ ಬಳ್ಳಿ ಬೆಳೆಸಿ ಅಂತ, ದಿನವಿಡೀ ಜಗಿಯಿರಿ ಅಂತಲ್ಲ.

ತುಂಡಿನ ವಂಶ, ಮಿಶ್ರತಳಿಯ ವಂಶ

ವೀಳ್ಯದೆಲೆಯಲ್ಲಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ. ನಮ್ಮ ತೋಟಗಳಲ್ಲಿ ಅದು ಹೂ ಬಿಡುವುದೇ ಅಪರೂಪ, ಬೀಜ ಕಟ್ಟುವುದಂತೂ ಇನ್ನೂ ಅಪರೂಪ. ಹಾಗಾಗಿ ತುಂಡಿನಿಂದ ತುಂಡು, ಬಳ್ಳಿಯಿಂದ ಬಳ್ಳಿ. ನಿಮ್ಮ ಅಜ್ಜಿ ನೆಟ್ಟಿದ್ದ ಬಳ್ಳಿಯ ತುಂಡು ಇವತ್ತು ಯಾರದಾದರೂ ಹಿತ್ತಲಲ್ಲಿ ಇದ್ದರೆ ಅದು ಅದರ ಮೊಮ್ಮಗಳಲ್ಲ, ಅದೇ ಬಳ್ಳಿ. ಇದರಲ್ಲಿ ಒಂದು ಅನುಕೂಲ, ರುಚಿ ಕೆಡುವುದಿಲ್ಲ. ಒಂದು ಅಪಾಯವೂ ಇದೆ. ತುಂಡು ನೆಡುವ ಕೈ ನಿಂತರೆ ವಂಶವೂ ನಿಲ್ಲುತ್ತದೆ. ಡಬ್ಬಿಯಲ್ಲಿ ಬೀಜ ತೆಗೆದಿಟ್ಟು ಹತ್ತು ವರ್ಷ ಬಿಟ್ಟು ಬಿತ್ತೋಣ ಅನ್ನುವ ಹಾಗಿಲ್ಲ.

ಈಗ ನರ್ಸರಿಗಳಲ್ಲಿ ಕಣ್ಣು ಕುಕ್ಕುವ ನೆರಳಿನ ಗಿಡಗಳ ಕಥೆ ಇದಕ್ಕೆ ತದ್ವಿರುದ್ಧ. ಅವು ಹೆಚ್ಚಿನಂಶ ಮಿಶ್ರತಳಿಗಳು. ಬೆಳ್ಳಿ, ನೇರಳೆ, ಕೆಂಪು ಬಣ್ಣದ ಎಲೆಯ ರೆಕ್ಸ್ ಬಿಗೋನಿಯಾ ನೋಡಿದ್ದೀರಲ್ಲ? ವಿದೇಶದ್ದು ಅಂದುಕೊಂಡು ಕೊಳ್ಳುತ್ತೇವೆ. ಅದರ ಮೂಲ ತಾಯಿ ನಮ್ಮ ಅಸ್ಸಾಮಿನ ಕಾಡಿನದು. 19ನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿಯವರು ಬೇರೆ ಬೇರೆ ಬಿಗೋನಿಯಾಗಳೊಂದಿಗೆ ಕೂಡಿಸಿ ನೂರಾರು ಬಗೆ ಮಾಡಿದರು. ತವರಿನ ಹೆಣ್ಣುಮಗಳು ಹೊಸ ಸೀರೆ ಉಟ್ಟು ವಾಪಸು ಬಂದ ಹಾಗೆ ಈಗ ನಮ್ಮ ನರ್ಸರಿಗೆ ಬಂದಿದೆ. ಕೆಂಪು ಎಲೆಯ ಆಗ್ಲೋನಿಮಾದ್ದೂ ಹಾಗೇ. ಮೊದಲು ಹಸಿರು, ಬೂದು ಬಣ್ಣಗಳೇ ಹೆಚ್ಚಾಗಿದ್ದ ಈ ಗಿಡಕ್ಕೆ 1980ರ ದಶಕದಲ್ಲಿ ಇಂಡೊನೇಷ್ಯಾದ ಗ್ರೆಗರಿ ಹಂಬಾಲಿ ಅನ್ನುವವರು ತಳಿ ಕೂಡಿಸಿ ಕೆಂಪು ತಂದರು.

ಮಿಶ್ರತಳಿಯ ಬೀಜದಿಂದ ಅದೇ ಗಿಡ ಬರುತ್ತದೆ ಅನ್ನುವ ನಂಬಿಕೆ ಇಲ್ಲ. ಆದ್ದರಿಂದ ಅವನ್ನೂ ತುಂಡಿನಿಂದ, ಮೋಸಿನಿಂದಲೇ ಹೆಚ್ಚಿಸಬೇಕು. ರೆಕ್ಸ್ ಬಿಗೋನಿಯಾಗೆ ಒಂದು ಎಲೆಯ ಚೂರು ಸಾಕು. ಒದ್ದೆ ಮರಳಿನ ಮೇಲೆ ಇಟ್ಟರೆ ನರದಿಂದ ಮರಿ ಏಳುತ್ತದೆ. ಇನ್ನೊಂದು ಗುಟ್ಟು: ಎಲೆಯಲ್ಲಿ ಬಿಳಿ, ಹಳದಿ ಪಟ್ಟೆ ಹೆಚ್ಚಿದ್ದಷ್ಟೂ ಗಿಡಕ್ಕೆ ಬೆಳಕು ಹೆಚ್ಚು ಬೇಕು, ಅಡುಗೆ ಮಾಡುವ ಹಸಿರು ಕಡಿಮೆ ಇರುತ್ತದಲ್ಲ! ತೀರಾ ಕತ್ತಲಲ್ಲಿಟ್ಟರೆ ಪಟ್ಟೆ ಮಾಸಿ ಬರೀ ಹಸಿರಾಗುತ್ತದೆ. ಕತ್ತಲ ಸಂದಿಗೆ ಕಡು ಹಸಿರಿನ ಗಿಡವೇ ವಾಸಿ.

ಅಮೆರಿಕದ ಹೋಸ್ಟಾ ಇಲ್ಲಿಗೆ ಬೇಡ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದ ನಮ್ಮ ಬೀದಿಯ ಹಿರಿಯರೊಬ್ಬರು ಅಲ್ಲಿ ಮರದ ಕೆಳಗೆಲ್ಲ ಹೋಸ್ಟಾ ಅನ್ನುವ ಗಿಡ ನೋಡಿ ಮನಸೋತು ಬಂದಿದ್ದಾರೆ. ಜಪಾನ್, ಕೊರಿಯಾ, ಚೀನಾ ಕಡೆಯ ಗಿಡ ಅದು. ತಳಿ ಕೂಡಿಸಿ ಕೂಡಿಸಿ ಸಾವಿರಾರು ಹೆಸರಿನವು ಬಂದಿವೆ. "ಒಂದು ಗೆಡ್ಡೆ ತರಿಸಿಕೊಳ್ಳೋಣ್ವೇ?" ಅಂತ ಕೇಳಿದರು.

ಬೇಡಿ ಅಂದೆವು. ಹೋಸ್ಟಾಗೆ ವರ್ಷಕ್ಕೊಮ್ಮೆ ಕೊರೆಯುವ ಚಳಿಯಲ್ಲಿ ಮಲಗಿ ಏಳಬೇಕು. ಎಲೆಯೆಲ್ಲ ಉದುರಿ, ನೆಲದೊಳಗೆ ನಿದ್ದೆ ಮಾಡಿ, ವಸಂತಕ್ಕೆ ಮತ್ತೆ ಚಿಗುರುವ ಜಾತಿ. ಧನುರ್ಮಾಸದಲ್ಲಿ ನಾವು ಮಫ್ಲರ್ ಸುತ್ತಿಕೊಳ್ಳುವ ಮೈಸೂರಿನ ಚಳಿ ಅದಕ್ಕೆ ಚಳಿಯೇ ಅಲ್ಲ. ನಿದ್ದೆಗೆಟ್ಟ ಗಿಡ ಸೊರಗಿ ಸಾಯುತ್ತದೆ. ಹೊರಗಿನದನ್ನು ನೋಡಿ ಕಲಿಯಬೇಕಾದದ್ದು ಗಿಡವನ್ನಲ್ಲ, ನೆರಳಿನ ನೆಲವನ್ನು ಬರಿದಾಗಿ ಬಿಡಬಾರದು ಅನ್ನುವ ಬುದ್ಧಿಯನ್ನು.

ಸಂದಿಗೆ ಯಾವ ಗಿಡ?

ನಮ್ಮ ಹವೆಗೆ ಒಗ್ಗುವ, ವರ್ಷಾನುಗಟ್ಟಲೆ ಉಳಿಯುವ, ನೆಲ ಮುಚ್ಚುವ ಗಿಡಗಳು ಇಲ್ಲೇ ಬೇಕಾದಷ್ಟಿವೆ.

ಮೊದಲನೆಯದು ಒಂದೆಲಗ. ಹಂಬು ನೆಲದ ಮೇಲೆ ಓಡಿ, ಗೆಣ್ಣುಗೆಣ್ಣಿಗೂ ಬೇರೂರಿ ಚಾಪೆ ಹಾಸಿದ ಹಾಗೆ ಹಬ್ಬುತ್ತದೆ. ತೇವ ಬೇಕು, ತಂಪು ಬೇಕು. ಚಟ್ನಿಗೂ ಆಯಿತು, ತಂಬುಳಿಗೂ ಆಯಿತು. ಆದರೆ ತಿನ್ನುವ ಎಲೆಗೆ ಬಚ್ಚಲ ಸೋಪಿನ ನೀರು, ಚರಂಡಿ ನೀರು ಬಿಡಬೇಡಿ. ಚೆನ್ನಾಗಿ ತೊಳೆದೇ ಬಳಸಿ.

ಎರಡನೆಯದು ದೊಡ್ಡಪತ್ರೆ. ಅರೆನೆರಳು ಸಾಕು, ಒಂದೆರಡು ಗಂಟೆ ಬೆಳಕಿದ್ದರೆ ದಪ್ಪ ಎಲೆ ಬಿಡುತ್ತದೆ. ಕಡ್ಡಿ ಮುರಿದು ಚುಚ್ಚಿದರೆ ಬೇರು. ಮಕ್ಕಳಿಗೆ ನೆಗಡಿಯಾದಾಗ ಮೊದಲು ಕೈಹೋಗುವುದು ಇದರ ಕಡೆಗೇ ಅಲ್ಲವೇ?

ಮೂರನೆಯದು ಹಿಪ್ಪಲಿ. ವೀಳ್ಯದೆಲೆಗೂ ಕಾಳುಮೆಣಸಿಗೂ ದಾಯಾದಿ. ಮರ ಹತ್ತುವ ಹಟವಿಲ್ಲ, ನೆಲದ ಮೇಲೇ ಹಬ್ಬುತ್ತದೆ. ತೆಂಗು, ಅಡಿಕೆ ತೋಟಗಳ ನೆರಳಿನಲ್ಲಿ ಇದನ್ನು ಮಧ್ಯಬೆಳೆಯಾಗಿ ಬೆಳೆಯುತ್ತಾರೆ.

ಹೂ ಬೇಕು ಅನ್ನುವವರಿಗೆ ನೆಲಸಂಪಿಗೆ. ಬೇಸಿಗೆಯಲ್ಲಿ ಎಲೆಗಿಂತ ಮುಂಚೆ ಹೂ ನೇರವಾಗಿ ನೆಲದಿಂದ ಏಳುತ್ತದೆ, ಘಮಘಮ ಅನ್ನುತ್ತದೆ. ಮಳೆಗಾಲದಲ್ಲಿ ಚಿತ್ತಾರದ ಎಲೆ. ಚಳಿಗಾಲಕ್ಕೆ ಎಲೆ ಒಣಗಿ ಗೆಡ್ಡೆ ಮಲಗುತ್ತದೆ. ಸತ್ತಿತು ಅಂತ ಕಿತ್ತೆಸೆಯಬೇಡಿ.

ಹುಲ್ಲುಹಾಸು ಬೇಕು ಅನ್ನುವವರಿಗೆ ಮೊಂಡೊ ಹುಲ್ಲು. ಹೆಸರಿಗೆ ಹುಲ್ಲು, ಜಾತಿಯಲ್ಲಿ ಹುಲ್ಲಲ್ಲ. ನಿಜವಾದ ಲಾನಿಗೆ ಬಿಸಿಲು ಬೇಕು, ಇದಕ್ಕೆ ನೆರಳು ಸಾಕು. ನಿಧಾನ ಬೆಳೆಯುತ್ತದೆ, ಕತ್ತರಿಸುವ ಕೆಲಸವಿಲ್ಲ. ಜರಿಗಿಡ, ಸ್ಪೈಡರ್ ಪ್ಲಾಂಟ್ ಕೂಡ ಮಾತಿಲ್ಲದೆ ಹೊಂದಿಕೊಳ್ಳುತ್ತವೆ.

ಇವೆಲ್ಲಕ್ಕೂ ಹಿಂದೆ, ಗೋಡೆಯ ಪಕ್ಕ ಚಿಗುರೆಲೆ. ಮಳೆ ಹಿಡಿದ ಮೇಲೆ, ಬಲಿತ ಬಳ್ಳಿಯಿಂದ ನಾಲ್ಕೈದು ಗೆಣ್ಣಿನ ತುಂಡು ತಂದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಹಬ್ಬಲು ಒಂದು ಗಳುವಿಗೆ ತೆಂಗಿನ ನಾರು ಸುತ್ತಿ ನಿಲ್ಲಿಸಿ, ಅದನ್ನು ಒದ್ದೆಯಾಗಿಡಿ. ಒಣಗಿದೆಲೆ, ತರಕಾರಿ ಸಿಪ್ಪೆ ಕೊಳೆಸಿದ ಗೊಬ್ಬರ ಧಾರಾಳವಾಯಿತು. ದಿನಾ ಸ್ವಲ್ಪ ನೀರು, ನಿಲ್ಲುವಷ್ಟಲ್ಲ. ಮೊದಲ ಆರು ತಿಂಗಳು ಎಲೆಗೆ ಕೈ ಹಾಕಬೇಡಿ. ಆಮೇಲೆ ಕೆಳಗಿನ ಬಲಿತ ಎಲೆಯಿಂದ ಕೀಳುತ್ತಾ ಬನ್ನಿ.

ಹುಷಾರಾಗಿರಬೇಕಾದವು

ನೆರಳಲ್ಲಿ ಚೆನ್ನಾಗಿ ಬರುತ್ತದೆ ಅಂತ ಎಲ್ಲವನ್ನೂ ತರಬೇಡಿ. ಆಗ್ಲೋನಿಮಾ, ಕ್ಯಾಲೇಡಿಯಂ, ಮನಿ ಪ್ಲಾಂಟ್ ನೋಡಲು ಚೆಂದ, ಆದರೆ ಮಗು ಎಲೆ ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿನ ಮಗು, ನಾಯಿಮರಿ ಇರುವ ಮನೆಯಲ್ಲಿ ಅವು ಕುಂಡದಲ್ಲಿ, ಎತ್ತರದಲ್ಲಿ ಇರಲಿ. ಅದರಲ್ಲೂ ಮನಿ ಪ್ಲಾಂಟ್ ಎಲೆ ನೋಡಲು ವೀಳ್ಯದೆಲೆಯ ಅಕ್ಕನ ಹಾಗೆ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಬೆಳೆಸಬೇಡಿ.

ಇನ್ನೊಂದು, ಹಳದಿ ಹೂವಿನ ವೆಡೇಲಿಯಾ. ಯಾರೋ ಪುಕ್ಕಟೆ ಕೊಡುತ್ತಾರೆ, ಒಂದೇ ಮಳೆಗಾಲಕ್ಕೆ ನೆಲ ತುಂಬುತ್ತದೆ. ಆಮೇಲೆ ನಿಲ್ಲಿಸುವವರಿಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಪರದೇಶಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಪುಕ್ಕಟೆ ಬಂದದ್ದು ಮನೆಯನ್ನೇ ತಿಂದಿತು ಅನ್ನುವ ಹಾಗೆ.

"ಸೊಳ್ಳೆ ಬರುತ್ತೆ ಸಾರ್"

ಈ ಮಾತು ಬಂದೇ ಬರುತ್ತದೆ. ಸೊಳ್ಳೆ ಮೊಟ್ಟೆ ಇಡುವುದು ಎಲೆಯ ಮೇಲಲ್ಲ, ನಿಂತ ನೀರಿನಲ್ಲಿ. ಕುಂಡದ ಕೆಳಗಿನ ತಟ್ಟೆ, ತೆಂಗಿನ ಚಿಪ್ಪು, ತಾರಸಿ ಮೇಲಿನ ಹಳೇ ಟೈರು ಮೊದಲು ತೆಗೆಯಿರಿ. ಇಂಗುವ ಮಣ್ಣಿಗಿಂತ ಇಳಿಜಾರು ತಪ್ಪಿದ ಸಿಮೆಂಟಿನ ಮೇಲೆಯೇ ನೀರು ಹೆಚ್ಚು ದಿನ ನಿಲ್ಲುತ್ತದೆ. "ಗೋಡೆಗೆ ತೇವ ಹಿಡಿಯುತ್ತೆ" ಅನ್ನುವುದು ನ್ಯಾಯವಾದ ಮಾತು. ಗೋಡೆಯಿಂದ ಒಂದಡಿ ಬಿಟ್ಟು ನೆಡಿ, ಮಣ್ಣು ಗೋಡೆಯಿಂದ ಆಚೆಗೆ ಇಳಿಜಾರಾಗಿರಲಿ. ಹಾವಿನ ಭಯವಿದ್ದರೆ ಒಂದೆಲಗ, ಮೊಂಡೊದಂಥ ಗೇಣುದ್ದದ ಗಿಡಗಳಿಗೇ ನಿಲ್ಲಿಸಿ, ಕಲ್ಲು, ಇಟ್ಟಿಗೆ, ಹಳೇ ಸಾಮಾನು ಅಲ್ಲಿ ಗುಡ್ಡೆ ಹಾಕಬೇಡಿ.

ಮುನ್ನೂರು ಬಿಂದಿಗೆಯ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಇಷ್ಟ, ಅದಕ್ಕೇ ಒಂದು ಲೆಕ್ಕ ಕೊಡುತ್ತೇವೆ. ಮೂರಡಿ ಅಗಲ, 20 ಅಡಿ ಉದ್ದದ ಸಂದಿ ಅಂದರೆ 60 ಚದರಡಿ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಆ ಸಂದಿಯೊಂದರ ಪಾಲಿಗೆ ಸುಮಾರು 4,400 ಲೀಟರು. 15 ಲೀಟರಿನ ಬಿಂದಿಗೆಯಲ್ಲಿ ಅಳೆದರೆ 300ಕ್ಕೆ ಹತ್ತಿರ. ಸಜ್ಜೆ ಅಡ್ಡ ಬಂದು ಅರ್ಧ ಕಳೆದರೂ 150 ಬಿಂದಿಗೆ. ಮಣ್ಣಿದ್ದರೆ ಅದರಲ್ಲಿ ಬಹುಪಾಲು ನಮ್ಮ ಕಾಲ ಕೆಳಗೇ ಇಳಿಯುತ್ತದೆ. ಸಿಮೆಂಟಿದ್ದರೆ ಗೇಟು ದಾಟಿ ರಸ್ತೆಗೆ, ರಸ್ತೆಯಿಂದ ಮೋರಿಗೆ. ಆಮೇಲೆ ಬಸ್ ಸ್ಟಾಪಿನಲ್ಲಿ ಪ್ಯಾಂಟು ಮಡಿಸಿಕೊಂಡು ನಿಂತು ಮೋರಿ ಸರಿ ಇಲ್ಲ ಅಂತ ಬೈಯುವವರೂ ನಾವೇ, ಬೇಸಿಗೆಯಲ್ಲಿ ಬೋರು ಬತ್ತಿತು ಅನ್ನುವವರೂ ನಾವೇ. ಒಂದು ಮನೆಯದ್ದು ಏನು ಮಹಾ ಅನ್ನಬೇಡಿ. ಒಂದು ಬೀದಿಯಲ್ಲಿ 40 ಮನೆ ಇದ್ದರೆ ಗುಣಿಸಿ ನೋಡಿ.

ಇಡೀ ಸಿಮೆಂಟು ಕಿತ್ತುಹಾಕಿ ಅಂತ ನಾವು ಹೇಳುವುದಿಲ್ಲ. ಗಾಡಿ ನಿಲ್ಲಬೇಕು, ವಯಸ್ಸಾದವರು ಜಾರಬಾರದು, ಎಲ್ಲ ಸರಿ. ಕಿಟಕಿ ಕೆಳಗೆ ಒಂದಡಿ ಅಗಲದ ಪಟ್ಟಿ ಬಿಡಿಸಿಕೊಂಡರೆ ಸಾಕು. ಹೊಸ ಮನೆ ಕಟ್ಟಿಸುವವರು ಗಾರೆ ಕೆಲಸಕ್ಕೆ ಮುಂಚೆಯೇ ಮೇಸ್ತ್ರಿಗೆ ಹೇಳಿ. ಆಮೇಲೆ ಹೇಳಿದರೆ ಕೂಲಿ ಎರಡು ಪಟ್ಟು.

ಮೂಲ ಚಿಗುರೆಲೆ ತುಂಡು ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ ಒಂದು ಮಾತು: ಮೊದಲು ನಿಮ್ಮ ಬೀದಿಯ ಅಜ್ಜಿಯರನ್ನು ಕೇಳಿ. ಎಲ್ಲೋ ಒಂದು ಹಿತ್ತಲಲ್ಲಿ ಬಳ್ಳಿ ಇನ್ನೂ ಇರುತ್ತದೆ. ನರ್ಸರಿಯಲ್ಲಿ ಕೊಳ್ಳುವುದಾದರೆ "ವೀಳ್ಯದೆಲೆ ಕೊಡಿ" ಅಂದರೆ ಸಾಲದು, ಯಾವ ಎಲೆ ಅಂತ ಕೇಳಿ, ಒಂದು ಎಲೆ ಬಾಯಿಗೆ ಹಾಕಿ ನೋಡಿ ಕೊಳ್ಳಿ. ದಸರೆಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಬರೀ ಹೂವಿನ ಆನೆಯ ಮುಂದೆ ಫೋಟೊ ತೆಗೆಸಿಕೊಂಡು ಬರಬೇಡಿ, ನೆರಳಿನ ಗಿಡಗಳ ಮುಂದೆಯೂ ಹತ್ತು ನಿಮಿಷ ನಿಲ್ಲಿ.

ಅಂದಹಾಗೆ, ಕಳೆದ ಮುಂಗಾರಿಗೆ ನಮ್ಮ ಮನೆ ಹಿಂದಿನ ಸಿಮೆಂಟನ್ನು ಹಾರೆ ಹಾಕಿ ಒಂದು ಗೇಣಗಲ ಒಡೆಸಿದೆವು. ಪಕ್ಕದ ಬೀದಿಯ ಅಜ್ಜಿಯೊಬ್ಬರು ತುಂಡು ಕೊಟ್ಟರು. ಎಲ್ಲಿಂದ ತಂದದ್ದು ಅಂತ ಕೇಳಿದಾಗ, "ನಿಮ್ಮ ತಾಯಿನೇ ಕೊಟ್ಟಿದ್ದು ಕಣಪ್ಪಾ" ಅಂದರು.

ಈ ವರ್ಷ ಗೌರಿ ಹಬ್ಬಕ್ಕೆ ಎಲೆ ಮನೆಯದೇ. ಹೆಚ್ಚೇನಿಲ್ಲ, ಹನ್ನೊಂದು ಎಲೆ.